ಎಂ62.5: ಸೊರಗಿದ ಸ್ನಾಯುವಿಗೂ ಒಂದು ನಂಬರ್

ಯಾರಾದ್ರೂ ತಮ್ಮ ಯುಎಸ್ಎನ್ ಹೇಳಿದ್ರೆ ಸಾಕು, ನಮಗೆ ಅವರ ಅರ್ಧ ಜಾತಕ ಗೊತ್ತಾಗಿಬಿಡುತ್ತೆ. ಮೊದಲ ಅಂಕಿ ವಲಯ, ಆಮೇಲಿನ ಎರಡಕ್ಷರ ಕಾಲೇಜು, ನಂತರ ಸೇರಿದ ವರ್ಷ, ಬ್ರಾಂಚ್, ಕೊನೆಗೆ ಮೂರಂಕಿಯ ರೋಲ್ ನಂಬರ್. ಹತ್ತೇ ಅಕ್ಷರಗಳಲ್ಲಿ ಇಷ್ಟು ಮಾಹಿತಿ. ಆದರೆ ಆ ಹುಡುಗ ಯಾಕೆ ಈ ಬ್ರಾಂಚ್ ತಗೊಂಡ, ಹಾಸ್ಟೆಲ್‌ನಲ್ಲಿ ಹೇಗಿದ್ದಾನೆ ಅನ್ನೋದು ಮಾತ್ರ ಆ ಹತ್ತು ಅಕ್ಷರದಲ್ಲಿ ಇಲ್ಲ.

ಆಸ್ಪತ್ರೆಗಳಲ್ಲಿ ಕಾಯಿಲೆಗಳಿಗೂ ಇದೇ ತರಹದ ನಂಬರ್ ಇದೆ. ಉದಾಹರಣೆಗೆ ಎಂ62.561. ಇದನ್ನು ಬಿಡಿಸಿ ಓದಿದರೆ ಸಿಗುವ ಅರ್ಥ: "ಬೇರೆಲ್ಲೂ ವರ್ಗೀಕರಿಸದ ಸ್ನಾಯು ಸೊರಗುವಿಕೆ ಮತ್ತು ಕ್ಷೀಣತೆ, ಬಲಗಾಲಿನ ಕೆಳಭಾಗ." ಈ ಸಲದ ಲೇಖನ ಈ ಒಂದು ಸಾಲಿನ ಬಗ್ಗೆ. ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟುದ್ದ ಲೇಖನ ಯಾಕೆ ಅಂತ ಕೇಳಬಹುದು. ನಮ್ಮಲ್ಲಿ ಅನೇಕರು ಮಿನಿ ಪ್ರಾಜೆಕ್ಟ್‌ಗೆ ಆಸ್ಪತ್ರೆಯ ಡೇಟಾಸೆಟ್ ತಗೊಂಡು "ಡಿಸೀಸ್ ಪ್ರೆಡಿಕ್ಷನ್" ಮಾಡ್ತೀವಿ. ಸೀನಿಯರ್‌ಗಳಲ್ಲಿ ಕೆಲವರು ಅಮೆರಿಕದ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ಬೆಂಗಳೂರಿನ ಕಂಪನಿಗಳಿಗೆ ಪ್ಲೇಸ್ ಆಗ್ತಾರೆ. ಅಲ್ಲೆಲ್ಲ ನಾವು ನೋಡೋದು ರೋಗಿಯನ್ನಲ್ಲ, ಅವರ ಹೆಸರಿನ ಮುಂದಿರುವ ಕೋಡ್‌ಗಳನ್ನು. ಆ ಕೋಡ್ ಏನು ಹೇಳುತ್ತೆ, ಏನು ಬಿಟ್ಟುಬಿಡುತ್ತೆ ಅಂತ ಗೊತ್ತಿಲ್ಲದೆ ಮಾಡೆಲ್ ಕಟ್ಟಿದರೆ, ಅಕ್ಯುರಸಿ ಎಷ್ಟೇ ಬಂದರೂ ಉಪಯೋಗ ಇಲ್ಲ.

ಮೊದಲು ಸ್ನಾಯು ಸೊರಗೋದು ಅಂದ್ರೇನು?

ಮನೆಯಲ್ಲಿ ಇದಕ್ಕೆ "ಕಾಲು ಸಣ್ಣ ಆಗಿದೆ", "ಕೈ ಸೊರಗಿದೆ", "ಮೈ ಇಳಿದುಹೋಗಿದೆ" ಅಂತಾರೆ. ಪುಸ್ತಕದಲ್ಲಿ "ಸ್ನಾಯು ಕ್ಷಯ" ಅಂತಲೂ ಬರೀತಾರೆ. ಆದರೆ ಕ್ಷಯ ಅಂದ ತಕ್ಷಣ ನಮ್ಮ ಕಡೆ ಎಲ್ಲರಿಗೂ ಟಿಬಿ ನೆನಪಾಗುತ್ತೆ. ಟಿಬಿಗೆ ಆ ಹೆಸರು ಬಂದಿದ್ದೇ ದೇಹ ಕರಗುತ್ತಾ ಹೋಗುತ್ತೆ ಅನ್ನೋ ಕಾರಣಕ್ಕೆ. ಗೊಂದಲ ಬೇಡ ಅಂತ ನಾವಿಲ್ಲಿ "ಸೊರಗುವಿಕೆ" ಅಂತಲೇ ಬಳಸ್ತೀವಿ.

ನಮ್ಮ ಸ್ನಾಯುವಿನಲ್ಲಿ ಪ್ರೋಟೀನ್ ದಿನವೂ ತಯಾರಾಗುತ್ತೆ, ದಿನವೂ ಒಡೆದುಹೋಗುತ್ತೆ. ಒಡೆಯುವ ವೇಗ ತಯಾರಾಗುವ ವೇಗಕ್ಕಿಂತ ಜಾಸ್ತಿಯಾಗಿ ಹಾಗೇ ಮುಂದುವರಿದರೆ ಸ್ನಾಯುವಿನ ಎಳೆಗಳು ತೆಳ್ಳಗಾಗ್ತವೆ. ಒಡೆಯುವ ಕೆಲಸಕ್ಕೆ ಜೀವಕೋಶದೊಳಗೆ ಒಂದು ವ್ಯವಸ್ಥೆಯೇ ಇದೆ. ಬೇಡದ ಪ್ರೋಟೀನಿಗೆ ಯುಬಿಕ್ವಿಟಿನ್ ಅನ್ನೋ ಚೀಟಿ ಅಂಟಿಸಿ, ಪ್ರೋಟಿಯಾಸೋಮ್ ಅನ್ನೋ ಚೂರು ಮಾಡುವ ಯಂತ್ರಕ್ಕೆ ಕಳಿಸುತ್ತೆ. ಸ್ನಾಯು ಸೊರಗುವಾಗ ಈ ಚೀಟಿ ಅಂಟಿಸುವ ಕೆಲಸವನ್ನು ಜೋರು ಮಾಡುವ ಎರಡು ಜೀನ್‌ಗಳನ್ನು 2001ರಲ್ಲಿ ಗುರುತಿಸಿದರು. ಅವುಗಳ ಹೆಸರು ಮರ್ಫ್-1 ಮತ್ತು ಅಟ್ರೋಜಿನ್-1.

ಕಣ್ಣಿಗೆ ಕಾಣೋದು ಒಂದೇ, ಕೈಯೋ ಕಾಲೋ ಸಣ್ಣಗಾಗಿರುತ್ತೆ. ಆದರೆ ಅದರ ಹಿಂದಿನ ಕಾರಣ ಬೇರೆ ಬೇರೆ. ನಮ್ಮ ಲ್ಯಾಬ್‌ನಲ್ಲಿ ಒಂದು ಮೋಟರ್ ತಿರುಗ್ತಿಲ್ಲ ಅಂದ್ಕೊಳ್ಳಿ. ಯಾರೂ ಬಹಳ ದಿನದಿಂದ ಆನ್ ಮಾಡದೆ ಅದು ಜಾಮ್ ಆಗಿರಬಹುದು. ಕೇಬಲ್ ಕಟ್ ಆಗಿರಬಹುದು. ಒಳಗಿನ ವೈಂಡಿಂಗ್ ಸುಟ್ಟಿರಬಹುದು. ಅಥವಾ ಇಡೀ ಬಿಲ್ಡಿಂಗಿಗೇ ವೋಲ್ಟೇಜ್ ಕಮ್ಮಿ ಇರಬಹುದು. ಸ್ನಾಯುವಿನ ಕಥೆಯೂ ಹೆಚ್ಚುಕಮ್ಮಿ ಹೀಗೇ.

ಮೊದಲನೆಯದು, ಬಳಸದೇ ಇರೋದು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರು ಅದನ್ನು ಬಿಚ್ಚಿದ ದಿನ ಎರಡೂ ಮೀನಖಂಡ ಪಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತೆ.

ಎರಡನೆಯದು, ನರದಿಂದ ಆದೇಶ ಬರದೇ ಇರೋದು. ಪೋಲಿಯೋ ವೈರಸ್ ಬೆನ್ನುಹುರಿಯಲ್ಲಿರುವ ಚಲನೆಯ ನರಕೋಶಗಳನ್ನು ಕೊಲ್ಲುತ್ತೆ. ಎಎಲ್ಎಸ್ ಅನ್ನೋ ಕಾಯಿಲೆಯಲ್ಲಿ ಅದೇ ತರಹದ ಕೋಶಗಳು ತಾವಾಗಿ ನಶಿಸುತ್ತವೆ. ಸ್ಟೀಫನ್ ಹಾಕಿಂಗ್ ಅವರಿಗಿದ್ದದ್ದು ಇದೇ. ಸ್ನಾಯು ಮೂಲತಃ ಸರಿಯಾಗೇ ಇರುತ್ತೆ, ಆದರೆ ಸಿಗ್ನಲ್ ಬರದೆ ಸೊರಗುತ್ತೆ.

ಮೂರನೆಯದು, ಸ್ನಾಯುವಿನಲ್ಲೇ ದೋಷ. ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿಯಲ್ಲಿ ಡಿಸ್ಟ್ರೋಫಿನ್ ಅನ್ನೋ ಪ್ರೋಟೀನ್ ತಯಾರಾಗೋದೇ ಇಲ್ಲ ಅನ್ನುವಷ್ಟು ಕಮ್ಮಿ. ಇದರಲ್ಲಿ ಒಂದು ವಿಚಿತ್ರ ಇದೆ. ಶುರುವಿನಲ್ಲಿ ಮಗುವಿನ ಮೀನಖಂಡ ಸಣ್ಣಗಾಗೋ ಬದಲು ದಪ್ಪ ಕಾಣುತ್ತೆ. ಒಳಗೆ ಸ್ನಾಯುವಿನ ಜಾಗಕ್ಕೆ ಕೊಬ್ಬು, ನಾರು ಬಂದು ಸೇರಿಕೊಂಡಿರುತ್ತೆ. ಬರೀ ಟೇಪ್ ಹಿಡಿದು ಅಳೆದರೆ "ಎಲ್ಲ ಸರಿಯಾಗಿದೆ" ಅಂತಲೇ ಬರುತ್ತೆ.

ನಾಲ್ಕನೆಯದು, ಇಡೀ ದೇಹವನ್ನು ಕರಗಿಸುವ ಕಾಯಿಲೆಗಳು. ಕ್ಯಾನ್ಸರ್, ಟಿಬಿ, ಎಚ್ಐವಿ, ತೀವ್ರ ಅಪೌಷ್ಟಿಕತೆ ಇತ್ಯಾದಿ. ಇವುಗಳ ಜೊತೆಗೆ ವಯಸ್ಸಾದಂತೆ ಸ್ನಾಯು ಮತ್ತು ಶಕ್ತಿ ಎರಡೂ ಕಮ್ಮಿಯಾಗುವ ಸಾರ್ಕೋಪೀನಿಯಾ ಕೂಡ ಇದೆ.

ಈಗ ಸಮಸ್ಯೆ ಅರ್ಥ ಆಯ್ತಲ್ವಾ? ಕಾಣೋ ಲಕ್ಷಣ ಒಂದು, ಕಾರಣ ಐದಾರು, ಚಿಕಿತ್ಸೆ ಅಷ್ಟೇ ಬೇರೆ ಬೇರೆ. ಒಂದು ಪುಟ್ಟ ನಂಬರ್‌ನಲ್ಲಿ ಇದನ್ನೆಲ್ಲ ಹೇಗೆ ಹಿಡಿದಿಡೋದು?

ಕೋಡ್ ಬಿಚ್ಚಿ ನೋಡೋಣ

ಕಾಯಿಲೆಗಳ ಈ ಪಟ್ಟಿಯ ಹೆಸರು ಐಸಿಡಿ, ಅಂದ್ರೆ ಕಾಯಿಲೆಗಳ ಅಂತಾರಾಷ್ಟ್ರೀಯ ವರ್ಗೀಕರಣ. ಇದರ ಬೇರು 1893ರದು. ಷಿಕಾಗೋದಲ್ಲಿ ವಿವೇಕಾನಂದರು ಭಾಷಣ ಮಾಡಿದ ವರ್ಷವೇ, ಅದೇ ಊರಿನಲ್ಲಿ ಸಂಖ್ಯಾಶಾಸ್ತ್ರಜ್ಞರ ಒಂದು ಸಭೆಯೂ ನಡೆದಿತ್ತು. ಅಲ್ಲಿ ಪ್ಯಾರಿಸ್‌ನ ಜಾಕ್ ಬರ್ಟಿಯೋನ್ ಸಾವಿನ ಕಾರಣಗಳ ಒಂದು ಪಟ್ಟಿಯನ್ನು ಮುಂದಿಟ್ಟರು. 1948ರಲ್ಲಿ ಆರನೇ ಆವೃತ್ತಿಯ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆ ಇದರ ಜವಾಬ್ದಾರಿ ತಗೊಂಡಿತು, ಸಾವಿನ ಜೊತೆ ಕಾಯಿಲೆಗಳೂ ಪಟ್ಟಿಗೆ ಸೇರಿದವು. ಹತ್ತನೇ ಆವೃತ್ತಿಗೆ 1990ರಲ್ಲಿ ಒಪ್ಪಿಗೆ ಸಿಕ್ಕಿತು. ಹನ್ನೊಂದನೆಯದು 2022ರ ಜನವರಿ 1ರಿಂದ ಜಾರಿಗೆ ಬಂದಿದೆ, ಆದರೆ ದೇಶಗಳು ಇನ್ನೂ ನಿಧಾನಕ್ಕೆ ಅದರ ಕಡೆ ಹೋಗ್ತಿವೆ.

ಅಮೆರಿಕ ಹತ್ತನೇ ಆವೃತ್ತಿಯನ್ನು ತನಗೆ ಬೇಕಾದ ಹಾಗೆ ಹಿಗ್ಗಿಸಿಕೊಂಡು ಐಸಿಡಿ-10-ಸಿಎಂ ಅಂತ ಮಾಡಿಕೊಂಡಿದೆ. ಅಲ್ಲಿನ ಆಸ್ಪತ್ರೆಗಳಲ್ಲಿ ಇದು 2015ರ ಅಕ್ಟೋಬರ್ 1ರಿಂದ ಬಳಕೆಯಲ್ಲಿದೆ. ಅದಕ್ಕೆ ಮೊದಲು ಒಂಬತ್ತನೇ ಆವೃತ್ತಿಯಲ್ಲಿ ಸುಮಾರು 14,000 ಕೋಡ್‌ಗಳಿದ್ದವು, ಇಲ್ಲಿ ಸುಮಾರು 70,000. ಡೇಟಾಸೆಟ್‌ಗಳಲ್ಲಿ ನಮಗೆ ಸಿಗೋದು ಹೆಚ್ಚಾಗಿ ಇದೇ, ಆದ್ದರಿಂದ ಇದನ್ನೇ ಬಿಡಿಸೋಣ.

ಎಂ ಅಂದ್ರೆ 13ನೇ ಅಧ್ಯಾಯ: ಮೂಳೆ, ಕೀಲು, ಸ್ನಾಯು. ಎಂ62 ಅಂದ್ರೆ "ಸ್ನಾಯುವಿನ ಇತರ ತೊಂದರೆಗಳು". ಚುಕ್ಕಿಯ ನಂತರದ 5 ಅಂದ್ರೆ ಸೊರಗುವಿಕೆ. ಅದರ ಮುಂದಿನ ಅಂಕಿ ಜಾಗ ಹೇಳುತ್ತೆ: 1 ಭುಜ, 2 ತೋಳು, 3 ಮುಂಗೈ, 4 ಹಸ್ತ, 5 ತೊಡೆ, 6 ಮೊಣಕಾಲಿನ ಕೆಳಗಿನ ಭಾಗ, 7 ಕಣಕಾಲು ಮತ್ತು ಪಾದ. ಕೊನೆಯ ಅಂಕಿ ಯಾವ ಕಡೆ ಅಂತ ಹೇಳುತ್ತೆ: 1 ಅಂದ್ರೆ ಬಲ, 2 ಅಂದ್ರೆ ಎಡ, 9 ಅಂದ್ರೆ ಯಾವ ಕಡೆ ಅಂತ ಬರೆದಿಲ್ಲ. ಎರಡೂ ಕಡೆ ಸೇರಿಸಿ ಒಂದು ಕೋಡ್ ಇಲ್ಲಿಲ್ಲ. ಎರಡೂ ತೊಡೆ ಸೊರಗಿದ್ದರೆ ಎಂ62.551, ಎಂ62.552 ಎರಡನ್ನೂ ಹಾಕಬೇಕು.

ಲೆಕ್ಕ ಹಾಕೋಣ. ಏಳು ಜಾಗ, ಪ್ರತಿಯೊಂದಕ್ಕೂ ಮೂರು ಆಯ್ಕೆ, ಒಟ್ಟು 21. ಜೊತೆಗೆ ಎಂ62.50 ಜಾಗ ಬರೆದಿಲ್ಲ, ಎಂ62.58 ಬೇರೆ ಜಾಗ, ಎಂ62.59 ಹಲವು ಜಾಗ. ಆಯ್ತು 24. ಬೆನ್ನಿನ ಸ್ನಾಯುಗಳಿಗೆ ಪ್ರತ್ಯೇಕ ಕೋಡ್ ಬೇಕು ಅಂತ ಬಂದಾಗ ಒಂದು ತೊಂದರೆ ಎದುರಾಯ್ತು. 0ಯಿಂದ 9ರವರೆಗೆ ಎಲ್ಲ ಅಂಕಿಗಳೂ ಆಗಲೇ ಖರ್ಚಾಗಿದ್ದವು! ಅದಕ್ಕೆ 2022ರ ಅಕ್ಟೋಬರ್‌ನಲ್ಲಿ ಅಕ್ಷರಕ್ಕೆ ಹೋದರು: ಎಂ62.5ಎ0 ಕುತ್ತಿಗೆಯ ಮಟ್ಟ, ಎಂ62.5ಎ1 ಎದೆಯ ಮಟ್ಟ, ಎಂ62.5ಎ2 ಸೊಂಟದ ಮಟ್ಟ, ಎಂ62.5ಎ9 ಮಟ್ಟ ಬರೆದಿಲ್ಲ. ಈಗ ಒಟ್ಟು 28. ಒಂಬತ್ತನೇ ಆವೃತ್ತಿಯಲ್ಲಿ ಇದಕ್ಕೆಲ್ಲ ಸೇರಿ ಇದ್ದದ್ದು ಒಂದೇ ಕೋಡ್, 728.2. ಡೇಟಾಬೇಸ್ ಡಿಸೈನ್‌ನಲ್ಲಿ ಫೀಲ್ಡ್ ಸೈಜ್ ಮೊದಲೇ ಯೋಚಿಸಿ ಇಡಿ ಅಂತ ಮೇಷ್ಟ್ರು ಯಾಕೆ ಹೇಳ್ತಾರೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ?

ಆದರೆ ಒಂದು ವಿಷಯ ಗಮನಿಸಿ. ಈ 28 ಕೋಡ್‌ಗಳೂ ಎಲ್ಲಿ ಅಂತ ಹೇಳ್ತವೆ, ಯಾವ ಕಡೆ ಅಂತ ಹೇಳ್ತವೆ. ಯಾಕೆ ಸೊರಗಿತು ಅಂತ ಒಂದೂ ಹೇಳಲ್ಲ.

"ಬೇರೆಲ್ಲೂ ವರ್ಗೀಕರಿಸದ" ಅನ್ನೋ ಎರಡು ಪದ

ಯಾಕೆ ಹೇಳಲ್ಲ ಅನ್ನೋದಕ್ಕೆ ಉತ್ತರ ಕೋಡ್‌ನ ಹೆಸರಲ್ಲೇ ಇದೆ. "ಬೇರೆಲ್ಲೂ ವರ್ಗೀಕರಿಸದ" ಅಂದ್ರೆ, ಕಾರಣ ಗೊತ್ತಿದ್ದು ಆ ಕಾರಣಕ್ಕೆ ತನ್ನದೇ ಮನೆ ಇದ್ದರೆ ಅಲ್ಲಿಗೆ ಹೋಗಿ, ಇಲ್ಲಿಗೆ ಬರಬೇಡಿ ಅಂತ. ಸ್ವಿಚ್-ಕೇಸ್ ಬರೆಯುವಾಗ ಕೊನೆಯಲ್ಲಿ ಡಿಫಾಲ್ಟ್ ಇರುತ್ತಲ್ಲ, ಎಂ62.5 ಹೆಚ್ಚುಕಮ್ಮಿ ಆ ಡಿಫಾಲ್ಟ್. ಮೇಲಿನ ಎಲ್ಲ ಕೇಸ್‌ಗಳನ್ನು ನೋಡಿ, ಯಾವುದೂ ಹೊಂದದಿದ್ದಾಗ ಮಾತ್ರ ಅಲ್ಲಿಗೆ ಬರಬೇಕು.

ಈ ನಿಯಮವನ್ನು ಕೋಡ್ ಪುಸ್ತಕ ಎರಡು ತರಹದ ಸೂಚನೆಗಳಲ್ಲಿ ಬರೆದಿದೆ. "ಎಕ್ಸ್‌ಕ್ಲೂಡ್ಸ್ 1" ಅಂದ್ರೆ ಎರಡೂ ಒಟ್ಟಿಗೆ ಬರೆಯುವಂತಿಲ್ಲ, ಒಂದಿದ್ದರೆ ಇನ್ನೊಂದಿಲ್ಲ. ಎಂ62.5ರ ಕೆಳಗೆ ಈ ಪಟ್ಟಿಯಲ್ಲಿ ಸಾರ್ಕೋಪೀನಿಯಾ ಇದೆ, ನರಕೋಶ ನಶಿಸುವುದರಿಂದ ಬರುವ ಪ್ರೋಗ್ರೆಸಿವ್ ಮಸ್ಕ್ಯುಲರ್ ಅಟ್ರೋಫಿ ಇದೆ, ಭುಜದ ನರಜಾಲಕ್ಕೆ ಬರುವ ನ್ಯೂರಾಲ್ಜಿಕ್ ಅಮಯೋಟ್ರೋಫಿ ಇದೆ. "ಎಕ್ಸ್‌ಕ್ಲೂಡ್ಸ್ 2" ಅಂದ್ರೆ ಅದು ಈ ಕೋಡ್‌ನ ಭಾಗ ಅಲ್ಲ, ಆದರೆ ಒಬ್ಬರಿಗೇ ಎರಡೂ ಇದ್ದರೆ ಎರಡನ್ನೂ ಬರೆಯಬಹುದು. ಇಲ್ಲಿ ಇರೋದು ಹೆಂಗಸರಲ್ಲಿ ಕಿಬ್ಬೊಟ್ಟೆಯ ತಳದ ಸ್ನಾಯು ಸೊರಗುವುದು, ಎನ್81.84.

ಐದು ಕಾಲ್ಪನಿಕ ರೋಗಿಗಳನ್ನು ತಗೊಳ್ಳೋಣ. ಐವರದೂ ಸ್ನಾಯು ಸೊರಗಿದೆ.

ಒಬ್ಬ ಹುಡುಗ. ಕಾಲಿನ ಮೂಳೆ ಮುರಿದು ಪ್ಲಾಸ್ಟರ್ ಹಾಕಿದ್ದರು, ಬಿಚ್ಚಿದ ಮೇಲೆ ಬಲ ಮೀನಖಂಡ ಸಣ್ಣಗಾಗಿದೆ. ಇದು ಬಳಸದೆ ಬಂದ ಸೊರಗುವಿಕೆ, ಎಂ62.561 ಸರಿ.

ಐವತ್ತು ದಾಟಿದ ಒಬ್ಬರು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಎಡಗಾಲು ಸೊರಗಿದೆ. ನಮ್ಮ ದೇಶ ಪೋಲಿಯೋ ಮುಕ್ತ ಅಂತ ಘೋಷಣೆಯಾಗಿದ್ದು 2014ರ ಮಾರ್ಚ್ 27ರಂದು, ಆದರೆ ಅದಕ್ಕೆ ಮೊದಲು ಪೋಲಿಯೋ ಬಂದವರು ಪ್ರತಿ ಊರಲ್ಲೂ ಇದ್ದಾರೆ. ಇವರಿಗೆ ಎರಡು ಕೋಡ್ ಬೇಕು. ಮೊದಲು ಈಗ ಕಾಣುತ್ತಿರುವ ತೊಂದರೆ, ಎಂ62.562. ಆಮೇಲೆ ಅದಕ್ಕೆ ಕಾರಣವಾದ ಹಳೆಯ ಕಾಯಿಲೆ, ಬಿ91, ಅಂದ್ರೆ ಪೋಲಿಯೋದ ಉಳಿಕೆ ಪರಿಣಾಮ. ಬರೆಯುವ ಕ್ರಮವೂ ನಿಯಮದ ಭಾಗವೇ.

ಎಪ್ಪತ್ತೈದರ ಅಜ್ಜ. ಕುರ್ಚಿಯಿಂದ ಏಳೋಕೆ ಕಷ್ಟ, ಕೈಹಿಡಿತ ಕಮ್ಮಿ. ಡಾಕ್ಟರು ಪರೀಕ್ಷೆ ಮಾಡಿ ಸಾರ್ಕೋಪೀನಿಯಾ ಅಂತ ಬರೆದರೆ ಎಂ62.84. ಜೊತೆಗೆ ಎಂ62.5 ಹಾಕುವಂತಿಲ್ಲ.

ಐವತ್ತರ ಮಹಿಳೆ. ಹಸ್ತದ ಸ್ನಾಯು ಸೊರಗಿದೆ, ಪರೀಕ್ಷೆಯಲ್ಲಿ ಎಎಲ್ಎಸ್ ಅಂತ ಗೊತ್ತಾಗಿದೆ. ಇವರ ಕೋಡ್ ಎಂ ಅಧ್ಯಾಯದಲ್ಲೇ ಇಲ್ಲ. ನರಗಳ ಅಧ್ಯಾಯದಲ್ಲಿದೆ, ಜಿ12.21.

ಕ್ಯಾನ್ಸರ್‌ನಿಂದ ಇಡೀ ಮೈ ಇಳಿದುಹೋಗಿರುವ ಒಬ್ಬರು. ಮೊದಲು ಕ್ಯಾನ್ಸರ್‌ನ ಕೋಡ್, ಆಮೇಲೆ ಇ88.ಎ. ಈ ಇ88.ಎ 2023ರ ಅಕ್ಟೋಬರ್‌ನಲ್ಲಿ ಬಂದ ಹೊಸ ಕೋಡ್. ಮೂಲ ಕಾಯಿಲೆಯಿಂದ ದೇಹ ಕರಗುವುದನ್ನು ಹೇಳೋಕೆ ಅಂತಲೇ ಮಾಡಿದ್ದು.

ಇನ್ನೊಂದು ಗೊಂದಲ ಬಹಳ ಜನ ಮಾಡಿಕೊಳ್ತಾರೆ. ನಿಶ್ಶಕ್ತಿ ಬೇರೆ, ಸೊರಗುವಿಕೆ ಬೇರೆ. ಇಡೀ ದೇಹದ ಸ್ನಾಯುಗಳ ನಿಶ್ಶಕ್ತಿಗೆ ಎಂ62.81 ಅನ್ನೋ ಬೇರೆ ಕೋಡ್ ಇದೆ. ಶಕ್ತಿಯನ್ನು ಡೈನಮೋಮೀಟರ್ ಹಿಡಿದು ಅಳೀತಾರೆ, ಗಾತ್ರವನ್ನು ಟೇಪ್, ಡೆಕ್ಸಾ ಸ್ಕ್ಯಾನ್, ಎಂಆರ್‌ಐಗಳಿಂದ. ಸಾರ್ಕೋಪೀನಿಯಾ ಅನ್ನೋಕೆ ಎರಡೂ ಕಡೆಯ ಮಾಹಿತಿ ಬೇಕು. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಕೊಟ್ಟ ಮಾನದಂಡದ ಪ್ರಕಾರ ಕೈಹಿಡಿತ ಗಂಡಸರಲ್ಲಿ 28 ಕೆಜಿಗಿಂತ, ಹೆಂಗಸರಲ್ಲಿ 18 ಕೆಜಿಗಿಂತ ಕಮ್ಮಿ ಇದ್ದರೆ ಅದು ಶಕ್ತಿ ಕುಂದಿರುವ ಗುರುತು.

ಬರೆದಿದ್ದಕ್ಕೆ ಮಾತ್ರ ಕೋಡ್

ಈ ಕೋಡ್ ಹಾಕೋದು ಯಾರು? ಅಮೆರಿಕದಲ್ಲಿ ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಮೆಡಿಕಲ್ ಕೋಡರ್‌ಗಳಿರ್ತಾರೆ. ಆ ಕೆಲಸದ ಒಂದು ದೊಡ್ಡ ಪಾಲು ಬೆಂಗಳೂರು, ಚೆನ್ನೈ, ಹೈದರಾಬಾದ್‌ಗಳಲ್ಲಿ ಕೂತು ನಡೆಯುತ್ತೆ. ಲೈಫ್ ಸೈನ್ಸ್, ನರ್ಸಿಂಗ್, ಫಾರ್ಮಸಿ ಓದಿದವರು ಪರೀಕ್ಷೆ ಬರೆದು ಈ ಕೆಲಸಕ್ಕೆ ಸೇರ್ತಾರೆ. ಅವರು ರೋಗಿಯನ್ನು ನೋಡಲ್ಲ, ಡಾಕ್ಟರು ಬರೆದ ದಾಖಲೆಯನ್ನು ಮಾತ್ರ ಓದ್ತಾರೆ.

ಅವರಿಗೆ ಒಂದು ಕಟ್ಟುನಿಟ್ಟಾದ ನಿಯಮ ಇದೆ. ಡಾಕ್ಟರು ಬರೆಯದ ಕಾಯಿಲೆಯನ್ನು ತಾವೇ ಊಹಿಸಿ ಹಾಕುವಂತಿಲ್ಲ. ಸ್ಕ್ಯಾನ್ ರಿಪೋರ್ಟ್‌ನಲ್ಲಿ ಸ್ನಾಯು ತೆಳುವಾಗಿದೆ ಅಂತ ಇದ್ದರೂ ಡಾಕ್ಟರು ರೋಗನಿರ್ಣಯದಲ್ಲಿ ಬರೆದಿಲ್ಲ ಅಂದ್ರೆ ಕೋಡ್ ಇಲ್ಲ. ಅನುಮಾನ ಬಂದರೆ ಡಾಕ್ಟರಿಗೆ ಪ್ರಶ್ನೆ ಕಳಿಸಿ ಉತ್ತರಕ್ಕೆ ಕಾಯಬೇಕು. "ಕಾಲು ಸೊರಗಿದೆ" ಅಂತಷ್ಟೇ ಬರೆದು ಯಾವ ಕಾಲು ಅಂತ ಬರೆಯದಿದ್ದರೆ ಕೊನೆಗೆ 9 ಬರುತ್ತೆ. ರೋಗಿಯ ಬಲಗಾಲು ಎಲ್ಲರ ಕಣ್ಣೆದುರೇ ಸಣ್ಣಗಾಗಿದ್ದರೂ, ಡೇಟಾದಲ್ಲಿ ಅದು "ಯಾವ ಕಾಲೋ ಗೊತ್ತಿಲ್ಲ".

ಇದಕ್ಕಿಂತ ಮುಖ್ಯವಾದ ಇನ್ನೊಂದು ನಿಯಮ ಇದೆ. ಡಾಕ್ಟರು "ಬಹುಶಃ ಇಂಥ ಕಾಯಿಲೆ" ಅಂತ ಬರೆದರೆ ಏನು ಮಾಡಬೇಕು? ಅಮೆರಿಕದ ಕೋಡಿಂಗ್ ಮಾರ್ಗಸೂಚಿ ಪ್ರಕಾರ ಅದಕ್ಕೆ ಎರಡು ಉತ್ತರ. ರೋಗಿ ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿದ್ದು, ಡಿಸ್ಚಾರ್ಜ್ ಹೊತ್ತಿಗೂ "ಬಹುಶಃ" ಅಂತಲೇ ಇದ್ದರೆ, ಆ ಕಾಯಿಲೆ ಇದೆ ಅಂತಲೇ ಕೋಡ್ ಹಾಕಬೇಕು. ಅದೇ ರೋಗಿ ಓಪಿಡಿಗೆ ಬಂದು ಹೋಗಿದ್ದರೆ "ಬಹುಶಃ"ಗೆ ಕೋಡ್ ಹಾಕುವಂತಿಲ್ಲ, ಕಂಡ ಲಕ್ಷಣಕ್ಕೆ ಮಾತ್ರ. ಅಂದ್ರೆ ಅದೇ ಕೈ, ಅದೇ ಡಾಕ್ಟರು, ಅದೇ ವಾಕ್ಯ. ಒಳಗೆ ಮಲಗಿದ್ದರೆ ಒಂದು ಕೋಡ್, ಹೊರಗಿಂದ ಬಂದುಹೋದರೆ ಇನ್ನೊಂದು. ಈ ನಿಯಮ ತಿಳಿಯದೆ ಎರಡೂ ಡೇಟಾ ಕಲಸಿ ಟ್ರೈನ್ ಮಾಡಿದರೆ, ಮಾಡೆಲ್ ಕಲಿಯೋದು ಕಾಯಿಲೆಯನ್ನಲ್ಲ, ಅಡ್ಮಿಷನ್ ಕೌಂಟರಿನ ದಾರಿಯನ್ನು.

ಕೋಡ್ ಇಲ್ಲ ಅಂದ್ರೆ ಲೆಕ್ಕದಲ್ಲೂ ಇಲ್ಲ

ಇಷ್ಟರವರೆಗೆ ಹೇಳಿದ್ದು ನಿಯಮಗಳು. ಇದರ ಪರಿಣಾಮ ಏನು ಅನ್ನೋದಕ್ಕೆ ಮೂರು ನಿಜವಾದ ಉದಾಹರಣೆ ಕೊಡ್ತೀವಿ.

ಸಾರ್ಕೋಪೀನಿಯಾ ಅನ್ನೋ ಹೆಸರನ್ನು ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಅವರು ಸೂಚಿಸಿ ಅದು ಅಚ್ಚಾಗಿದ್ದು 1989ರಲ್ಲಿ. ಅದಕ್ಕೆ ಸ್ವಂತ ಕೋಡ್ ಎಂ62.84 ಸಿಕ್ಕಿದ್ದು 2016ರ ಅಕ್ಟೋಬರ್‌ನಲ್ಲಿ. ನಡುವೆ 27 ವರ್ಷ. ಅಷ್ಟೂ ವರ್ಷ ವಯಸ್ಸಾದವರ ಸ್ನಾಯು ಸೊರಗುತ್ತಲೇ ಇತ್ತು, ಅದರ ಮೇಲೆ ಸಂಶೋಧನೆಯೂ ನಡೆಯುತ್ತಿತ್ತು. ಆದರೆ ಆಸ್ಪತ್ರೆಯ ದಾಖಲೆ ಹುಡುಕಿ "ಸಾರ್ಕೋಪೀನಿಯಾ ಇರುವವರು ಎಷ್ಟು ಜನ" ಅಂತ ಎಣಿಸೋಕೆ ಒಂದು ನಂಬರ್ ಇರಲಿಲ್ಲ. "ವಯಸ್ಸಾಯ್ತು, ಅಷ್ಟೇ" ಅಂತ ಬಿಡೋ ವಿಷಯಕ್ಕೂ ಕಾಯಿಲೆ ಅಂತ ಪರಿಗಣಿಸಿ ಚಿಕಿತ್ಸೆ ಹುಡುಕೋ ವಿಷಯಕ್ಕೂ ನಡುವೆ ಒಂದು ಕೋಡ್ ನಿಂತಿತ್ತು.

ಎರಡನೆಯದು ಡುಶೆನ್. 2018ರ ಅಕ್ಟೋಬರ್‌ವರೆಗೆ ಅಮೆರಿಕದ ಪಟ್ಟಿಯಲ್ಲಿ ಮಸ್ಕ್ಯುಲರ್ ಡಿಸ್ಟ್ರೋಫಿಗಳು ಜಿ71.0 ಅನ್ನೋ ಒಂದೇ ಡಬ್ಬಿಯಲ್ಲಿದ್ದವು. ಆಮೇಲೆ ಜಿ71.01 ಬಂತು. ಆದರೆ ಅದರ ಹೆಸರು ನೋಡಿ: "ಡುಶೆನ್ ಅಥವಾ ಬೆಕರ್". ಎರಡೂ ಒಂದೇ ಜೀನ್‌ನ ತೊಂದರೆ ನಿಜ. ಆದರೆ ಡುಶೆನ್ ಇರುವ ಹುಡುಗರು ಸಾಮಾನ್ಯವಾಗಿ ಹನ್ನೆರಡರ ಆಸುಪಾಸಿಗೆ ವೀಲ್‌ಚೇರ್ ಹತ್ತುತ್ತಾರೆ, ಬೆಕರ್ ಇರುವವರಲ್ಲಿ ಅನೇಕರು ದೊಡ್ಡವರಾದ ಮೇಲೂ ನಡೀತಾರೆ. ಬರೀ ಕೋಡ್ ನೋಡಿ ಇವರಿಬ್ಬರನ್ನು ಬೇರೆ ಮಾಡೋಕೆ ಆಗಲ್ಲ. ಆ "ಅಥವಾ" ಅನ್ನೋ ಪದದೊಳಗೆ ಎರಡು ಬೇರೆ ಬೇರೆ ಬದುಕು ಇವೆ.

ಮೂರನೆಯದು ನಮ್ಮ ಊರಿನದ್ದು, ನಮ್ಮ ವಯಸ್ಸಿನವರದ್ದು. 1959ರಲ್ಲಿ ಜಪಾನಿನ ಕೀಝೋ ಹಿರಾಯಾಮಾ ಒಂದು ವಿಚಿತ್ರ ಕಾಯಿಲೆಯನ್ನು ವಿವರಿಸಿದರು. ಹದಿಹರೆಯದ, ಇಪ್ಪತ್ತರ ಆಸುಪಾಸಿನ ಹುಡುಗರಲ್ಲಿ ಒಂದು ಕೈಯ ಹಸ್ತ, ಮುಂಗೈ ನಿಧಾನಕ್ಕೆ ಸೊರಗುತ್ತೆ. ಚಳಿಯಲ್ಲಿ ಬೆರಳುಗಳ ನಿಶ್ಶಕ್ತಿ ಜಾಸ್ತಿ. ಕೆಲವು ವರ್ಷ ಹೆಚ್ಚುತ್ತಾ ಹೋಗಿ ಆಮೇಲೆ ನಿಂತುಬಿಡುತ್ತೆ. 1984ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು ಒಂದೇ ಕೈ ಅಥವಾ ಒಂದೇ ಕಾಲು ಹೀಗೆ ಸೊರಗಿದ ಭಾರತೀಯ ರೋಗಿಗಳನ್ನು ಅಧ್ಯಯನ ಮಾಡಿ "ಮೊನೊಮೆಲಿಕ್ ಅಮಯೋಟ್ರೋಫಿ" ಅಂತ ಕರೆದರು. ಮೊನೊಮೆಲಿಕ್ ಅಂದ್ರೆ ಒಂದೇ ಅಂಗದ ಅಂತ. ಇವತ್ತಿಗೂ ವೈದ್ಯಕೀಯ ಬರಹಗಳಲ್ಲಿ ಆ ಹೆಸರು ಬಳಕೆಯಲ್ಲಿದೆ.

ಹಿರಾಯಾಮಾ ಕಾಯಿಲೆಯಲ್ಲಿ ಸೊರಗೋದು ಕೈ, ತೊಂದರೆ ಇರೋದು ಕುತ್ತಿಗೆಯಲ್ಲಿ. ತಲೆ ಮುಂದಕ್ಕೆ ಬಗ್ಗಿಸಿದಾಗ ಬೆನ್ನುಹುರಿಯ ಮೇಲೆ ಒತ್ತಡ ಬೀಳುತ್ತೆ. ನೇರ ಮಲಗಿಸಿ ಎಂಆರ್‌ಐ ತೆಗೆದರೆ ಅದು ಕಾಣದೇ ಹೋಗಬಹುದು, ಕುತ್ತಿಗೆ ಬಗ್ಗಿಸಿ ತೆಗೆದಾಗ ಕಾಣುತ್ತೆ. ಬೇಗ ಗೊತ್ತಾದರೆ ಕುತ್ತಿಗೆಗೆ ಕಾಲರ್ ಹಾಕಿಸಿ ಅದು ಮುಂದುವರಿಯೋದನ್ನು ತಡೆಯೋಕೆ ಪ್ರಯತ್ನ ಮಾಡ್ತಾರೆ.

ಇದಕ್ಕೆ ಕೋಡ್ ಯಾವುದು? ಐಸಿಡಿ-10-ಸಿಎಂನ ಕೋಡ್ ಶೀರ್ಷಿಕೆಗಳಲ್ಲಿ ಹಿರಾಯಾಮಾ ಅನ್ನೋ ಹೆಸರೂ ಇಲ್ಲ, ಮೊನೊಮೆಲಿಕ್ ಅನ್ನೋ ಹೆಸರೂ ಇಲ್ಲ. ಸರಿಯಾಗಿ ಗುರುತಿಸಿದರೆ ನರಗಳ ಅಧ್ಯಾಯದ "ಇತರ" ಅನ್ನೋ ಯಾವುದೋ ಡಬ್ಬಿಗೆ ಹೋಗುತ್ತೆ. ಗುರುತಿಸದೆ "ಬಲಗೈ ಸೊರಗಿದೆ" ಅಂತಷ್ಟೇ ಬರೆದರೆ ಎಂ62.541 ಆಗುತ್ತೆ, ಪ್ಲಾಸ್ಟರ್ ಹಾಕಿಸಿಕೊಂಡು ಕೈ ಸಣ್ಣಗಾದವರ ಸಾಲಿನಲ್ಲಿ ನಿಲ್ಲುತ್ತೆ. ಬೆಂಗಳೂರಿನಲ್ಲೇ ಹೆಸರು ಪಡೆದ ಕಾಯಿಲೆಯನ್ನು ಬೆಂಗಳೂರಿನಲ್ಲೇ ಕೂತ ಕೋಡರ್ ಒಬ್ಬರು ಪಟ್ಟಿಯಲ್ಲಿ ಹೆಸರು ಹಿಡಿದು ಹುಡುಕಿದರೆ, ಅದರ ಹೆಸರಿನ ಕೋಡ್ ಸಿಗಲ್ಲ.

ಹಾಗಾದ್ರೆ ನಾವೇನು ಮಾಡಬೇಕು?

ಡೇಟಾ ಮೇಲೆ ಕೆಲಸ ಮಾಡೋ ನಮ್ಮಂಥವರಿಗೆ ಕೆಲವು ಮಾತು.

ಒಂದು, ಆವೃತ್ತಿ ನೋಡಿ. ಬಾಸ್ಟನ್‌ನ ಆಸ್ಪತ್ರೆಯ ಮಿಮಿಕ್ ಡೇಟಾಸೆಟ್ ನಮ್ಮಲ್ಲಿ ಬಹಳ ಜನ ಬಳಸ್ತಾರೆ. ಮಿಮಿಕ್-3ರಲ್ಲಿ ಇರೋದು ಒಂಬತ್ತನೇ ಆವೃತ್ತಿಯ ಕೋಡ್‌ಗಳು. ಮಿಮಿಕ್-4ರಲ್ಲಿ ಒಂಬತ್ತು, ಹತ್ತು ಎರಡೂ ಇವೆ, ಯಾವುದು ಅಂತ ಹೇಳೋಕೆ ಒಂದು ಪ್ರತ್ಯೇಕ ಕಾಲಂ ಇದೆ. ಕೋಡ್‌ನಲ್ಲಿ ಚುಕ್ಕಿ ಇರಲ್ಲ. 728.2ನ್ನು 28 ಕೋಡ್‌ಗಳಲ್ಲಿ ಯಾವುದಕ್ಕೆ ಬದಲಾಯಿಸ್ತೀರಿ? ಬಲವೋ ಎಡವೋ ಅನ್ನೋ ಮಾಹಿತಿ ಹಳೆಯದರಲ್ಲಿ ಇರಲೇ ಇಲ್ಲ. ಇಲ್ಲದ್ದನ್ನು ಯಾವ ಮ್ಯಾಪಿಂಗ್ ಟೇಬಲ್ಲೂ ಹುಟ್ಟಿಸಲ್ಲ. ವಾಪಸ್ 28ನ್ನು ಒಂದಕ್ಕೆ ಇಳಿಸೋದೇ ಸುರಕ್ಷಿತ.

ಎರಡು, ವರ್ಷ ನೋಡಿ. 2016ರ ನಂತರ ಸಾರ್ಕೋಪೀನಿಯಾ "ಏಕಾಏಕಿ ಜಾಸ್ತಿಯಾಗಿದೆ" ಅಂತ ಗ್ರಾಫ್ ಹೇಳಿದರೆ, ಜಾಸ್ತಿಯಾಗಿದ್ದು ಕಾಯಿಲೆಯಾ ಅಥವಾ ಬರೆಯೋಕೆ ಕೋಡ್ ಸಿಕ್ಕಿತಾ ಅಂತ ಕೇಳಿಕೊಳ್ಳಿ.

ಮೂರು, ಕೋಡ್ ಪಕ್ಕಪಕ್ಕ ಇದ್ದ ಮಾತ್ರಕ್ಕೆ ಕಾಯಿಲೆ ಹತ್ತಿರ ಅಂತಲ್ಲ. ಎಂ62.541 ಮತ್ತು ಜಿ12.21 ಅಕ್ಷರಗಳಲ್ಲಿ ದೂರ ದೂರ, ಆದರೆ ಡಾಕ್ಟರ ಮುಂದೆ ಕೂತಾಗ ಇಬ್ಬರ ಕೈಯೂ ಒಂದೇ ತರಹ ಸಣ್ಣಗಿರಬಹುದು.

ನಾಲ್ಕು, ಕೋಡ್ ಇಲ್ಲ ಅಂದ್ರೆ ಕಾಯಿಲೆ ಇಲ್ಲ ಅಂತ ಸೊನ್ನೆ ಹಾಕಬೇಡಿ. ಐಸಿಯುನಲ್ಲಿ ವಾರಗಟ್ಟಲೆ ಮಲಗಿದವರ ಸ್ನಾಯು ಸೊರಗದೇ ಇರುತ್ತಾ? ಆದರೆ ಜೀವ ಉಳಿಸೋ ಗಡಿಬಿಡಿಯಲ್ಲಿ ಅದನ್ನು ರೋಗನಿರ್ಣಯ ಅಂತ ಬರೆಯೋದು ಬಿಟ್ಟುಹೋಗಬಹುದು. ಸಾಧ್ಯವಿದ್ದರೆ ಡಾಕ್ಟರ ಟಿಪ್ಪಣಿಯನ್ನೂ ಓದಿ.

ಡೇಟಾ ಗೀಟಾ ನಮಗ್ಯಾಕೆ ಅನ್ನೋರಿಗೂ ಒಂದು ಮಾತಿದೆ. ಮನೆಯಲ್ಲಿ ಯಾರಿಗಾದ್ರೂ ಕೈಕಾಲು ಸೊರಗಿದೆ ಅಂತ ಡಾಕ್ಟರ ಹತ್ತಿರ ಕರ್ಕೊಂಡು ಹೋದಾಗ, ಡಿಸ್ಚಾರ್ಜ್ ಸಮ್ಮರಿ ಅಥವಾ ಚೀಟಿಯಲ್ಲಿ ಮೂರು ವಿಷಯ ಇದೆಯಾ ನೋಡಿ: ಎಲ್ಲಿ, ಯಾವ ಕಡೆ, ಯಾವ ಕಾರಣಕ್ಕೆ. ಮೂರನೆಯದು ಇಲ್ಲದಿದ್ದರೆ "ಸಾರ್, ಕಾರಣ ಏನು ಅಂತ ಬರೆದುಕೊಡ್ತೀರಾ?" ಅಂತ ಕೇಳಿ. ಕಾರಣ ಇನ್ನೂ ಗೊತ್ತಾಗಿಲ್ಲ ಅಂದ್ರೆ ಅದನ್ನೇ ಬರೆಸಿಕೊಳ್ಳಿ. ಮುಂದೆ ಬೇರೆ ಊರಿನ, ಬೇರೆ ಆಸ್ಪತ್ರೆಯ ಡಾಕ್ಟರು ಮೊದಲು ನೋಡೋದು ಆ ಚೀಟಿಯನ್ನೇ.

ನಿಮ್ಮದೇ ಒಂದು ಕೈ ಇನ್ನೊಂದಕ್ಕಿಂತ ಸಣ್ಣಗಾಗ್ತಿದೆ, ಚಳಿಗೆ ಬೆರಳು ಸರಿಯಾಗಿ ಆಡ್ತಿಲ್ಲ, ಶರ್ಟಿನ ಗುಂಡಿ ಹಾಕೋಕೆ ಕಷ್ಟ ಆಗ್ತಿದೆ ಅನ್ನಿಸಿದರೆ, ಜಿಮ್ ಬಿಟ್ಟಿದ್ದಕ್ಕೆ ಹಾಗಾಗಿದೆ ಅಂತ ನೀವೇ ಡಿಫಾಲ್ಟ್ ಹಾಕಿಕೊಳ್ಳಬೇಡಿ. ಇಂಟರ್ನಲ್ಸ್ ಮುಗಿಯಲಿ ಅಂತಲೂ ಕಾಯಬೇಡಿ. ನರರೋಗ ತಜ್ಞರ ಹತ್ತಿರ ಒಮ್ಮೆ ತೋರಿಸಿ.